ಮುಂಬೈಗೆ ಮೂರು ದಿನ, ಪಟ್ಟಿಯಲ್ಲಿ ಹದಿನೇಳು ಜಾಗ

ಮಂಗಳವಾರ ಮೈಸೂರಿಗೆ ಬಂದಿಳಿಯುವ ಪ್ರವಾಸಿಗರನ್ನು ನೀವೂ ನೋಡಿರಬಹುದು. ಮೃಗಾಲಯದ ಗೇಟಿನ ಮುಂದೆ ಮಕ್ಕಳನ್ನು ಎತ್ತಿಕೊಂಡು ನಿಂತಿರುತ್ತಾರೆ. ಮಂಗಳವಾರ ರಜೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಅರಮನೆ ಆಗಬೇಕು, ಬೆಟ್ಟ ಆಗಬೇಕು, ಶ್ರೀರಂಗಪಟ್ಟಣ ಆಗಬೇಕು, ಸಂಜೆ ಕೆಆರ್‌ಎಸ್ ಕಾರಂಜಿ, ರಾತ್ರಿಗೆ ವಾಪಸ್ ಊರು. ಇದೂ ಒಂದು ಊರು ನೋಡೋ ರೀತಿನಾ ಅಂತ ನಾವು ಇಲ್ಲಿ ಕೂತು ನಗುತ್ತೇವೆ. ನಾವು ಮುಂಬೈಗೆ ಹೊರಟಾಗ ಮಾಡುವುದು ಇದನ್ನೇ.

ಮಂಡ್ಯದ ನೂರಡಿ ರಸ್ತೆ ಹತ್ತಿರ ನಮ್ಮದೊಂದು ಚಿಕ್ಕ ಟ್ರಾವೆಲ್ಸ್ ಆಫೀಸು. ರೈಲು, ವಿಮಾನದ ಟಿಕೆಟ್ ಮಾಡಿಸುವುದು, ರೂಮು ನೋಡಿಕೊಡುವುದು, ಯಾತ್ರೆಗೆ ಕಳಿಸುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಕಾಶಿಗೆ, ತಿರುಪತಿಗೆ ಹೋಗುವವರಿಗೆ ನಾನು ಹೇಳಬೇಕಾದ್ದು ಕಡಿಮೆ. ಮೊದಲ ಸಲ ದೊಡ್ಡ ಊರಿಗೆ, ಅದೂ ಮೂರು ದಿನಕ್ಕೆ ಹೋಗುವವರ ಜೊತೆ ಮಾತ್ರ ಒಂದು ಗಂಟೆ ಕೂರುತ್ತೇನೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿ ಜೊತೆ ಬಂದರು. ಪ್ರೈಮರಿ ಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು. ಮಗಳು ಒಂದು ಹಾಳೆಯಲ್ಲಿ ಪಟ್ಟಿ ಬರೆದು ಕೊಟ್ಟಿದ್ದಳು. ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಜುಹು, ಫಿಲ್ಮ್ ಸಿಟಿ, ಯಾರೋ ನಟನ ಮನೆ, ಸೀ ಲಿಂಕ್. ಎಣಿಸಿದೆ, ಹದಿನೇಳು ಇದ್ದವು. ಹದಿನೆಂಟನೆಯದನ್ನು ಅಮ್ಮ ಬಾಯಲ್ಲೇ ಸೇರಿಸಿದರು: "ಅಷ್ಟು ದೂರ ಹೋದ್ಮೇಲೆ ಶಿರಡಿನೂ ಮಾಡ್ಕೊಂಡು ಬಂದ್ಬಿಡಾಣ ಅಂತ."

ಮುಂಬೈಯಿಂದ ಶಿರಡಿ ಸುಮಾರು 240 ಕಿಲೋಮೀಟರ್. ಹೋಗಿ ದರ್ಶನ ಮಾಡಿ ಬರುವುದಕ್ಕೆ ಒಂದೂವರೆ ದಿನ ಬೇಕು. ಅಂದರೆ ಮೂರರಲ್ಲಿ ಅರ್ಧ. ನಾನು ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟೆ. ಮೇಷ್ಟ್ರಿಗೆ ಸ್ವಲ್ಪ ಬೇಜಾರಾಯಿತು.

ಮೊದಲು ಊರಿನ ಅಳತೆ ಗೊತ್ತಾಗಬೇಕು. 2011ರ ಜನಗಣತಿಯಲ್ಲಿ ಇಡೀ ಮಂಡ್ಯ ಜಿಲ್ಲೆಯಲ್ಲಿ ಇದ್ದವರು 18 ಲಕ್ಷ ಜನ. ಬೃಹನ್ಮುಂಬೈಯಲ್ಲಿ 1 ಕೋಟಿ 24 ಲಕ್ಷ. ನಮ್ಮಂಥ ಏಳು ಜಿಲ್ಲೆಯ ಜನರನ್ನು ನಮ್ಮ ಜಿಲ್ಲೆಯ ಎಂಟರಲ್ಲಿ ಒಂದು ಭಾಗದಷ್ಟು ಜಾಗದಲ್ಲಿ ಕೂರಿಸಿದ ಹಾಗೆ. ಅದಕ್ಕಿಂತ ಮುಖ್ಯವಾದದ್ದು ಊರಿನ ಆಕಾರ. ಮುಂಬೈ ಸಮುದ್ರದೊಳಗೆ ಚಾಚಿದ ಉದ್ದನೆಯ ಕೈ ಇದ್ದ ಹಾಗೆ. ಬೆರಳ ತುದಿ ದಕ್ಷಿಣದಲ್ಲಿ, ಭುಜ ಉತ್ತರದಲ್ಲಿ. ನೋಡುವ ಜಾಗಗಳಲ್ಲಿ ಹೆಚ್ಚಿನವು ಬೆರಳ ತುದಿಯಲ್ಲಿವೆ. ಜನ ವಾಸ ಮಾಡುವುದು ಹೆಚ್ಚಾಗಿ ಮೊಣಕೈಯಿಂದ ಆಚೆಗೆ. ದಕ್ಷಿಣದ ಚರ್ಚ್‌ಗೇಟಿನಿಂದ ಉತ್ತರದ ವಿರಾರ್‌ಗೆ ಲೋಕಲ್ ರೈಲಿನ ದಾರಿ 60 ಕಿಲೋಮೀಟರ್. ಹೆಚ್ಚುಕಮ್ಮಿ ಮದ್ದೂರಿನಿಂದ ಮೈಸೂರಿನಷ್ಟು. ನಡುವೆ ಒಂದು ಕಬ್ಬಿನ ಗದ್ದೆ ಇಲ್ಲ, ಉದ್ದಕ್ಕೂ ಮನೆಗಳೇ.

ಈ ಆಕಾರ ತಲೆಯಲ್ಲಿ ಕೂತರೆ ಮುಂದಿನದು ಸಲೀಸು. ಬೆಳಗ್ಗೆ ಇಡೀ ಊರು ಕೆಲಸಕ್ಕೆ ದಕ್ಷಿಣಕ್ಕೆ ಹರಿಯುತ್ತದೆ. ಸಂಜೆ ಉತ್ತರಕ್ಕೆ ವಾಪಸ್ ಹರಿಯುತ್ತದೆ. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದೂವರೆಯಿಂದ ಎಂಟೂವರೆ. ಆ ಹೊತ್ತಿನಲ್ಲಿ ಹರಿವಿನ ಜೊತೆ ಹೊಸಬರು ಸೇರಬಾರದು. ಒಂದೋ ಅದಕ್ಕೆ ಮೊದಲೇ ಹೋಗಿಬಿಡಬೇಕು, ಇಲ್ಲ ಎದುರು ದಿಕ್ಕಿಗೆ ಹೋಗಬೇಕು, ಇಲ್ಲ ಸುಮ್ನೆ ಒಂದು ಕಡೆ ಕೂರಬೇಕು. ನಾನು ಮಾಡಿಕೊಡುವ ಪ್ಲಾನಿನಲ್ಲಿ ಜಾಗದ ಹೆಸರಿಗಿಂತ ಮೊದಲು ದಿಕ್ಕು ಮತ್ತು ಗಂಟೆ ಬರೆದಿರುತ್ತದೆ.

ಅದಕ್ಕೂ ಮೊದಲು ರೂಮು. ಜನ ಎಲ್ಲ ಗೊತ್ತು ಮಾಡಿಕೊಂಡು ಕೊನೆಗೆ ರೂಮು ಕೇಳುತ್ತಾರೆ. ತಿರುಗಾಮುರುಗ ಆಗಬೇಕು ಅದು. ಈ ಪಾಠ ನಾನು ಕಲಿತದ್ದು ಬೇರೆಯವರ ದುಡ್ಡಿನಲ್ಲಿ. ಶುರುಶುರುವಿನಲ್ಲಿ ಒಂದು ಕುಟುಂಬಕ್ಕೆ ಖಾರ್ಘರ್‌ನಲ್ಲಿ ರೂಮು ಮಾಡಿಸಿದ್ದೆ. ಅದು ನವಿ ಮುಂಬೈ, ಕೊಲ್ಲಿಯ ಆಚೆ ಕಡೆ. ರೂಮು ದೊಡ್ಡದು, ಬಾಡಿಗೆ ದಿನಕ್ಕೆ ಸಾವಿರ ರೂಪಾಯಿ ಕಮ್ಮಿ. ನಾನೇನೋ ಭಾರಿ ಉಳಿಸಿಕೊಟ್ಟೆ ಅಂದುಕೊಂಡಿದ್ದೆ. ಅವರು ವಾಪಸ್ ಬಂದು ಹೇಳಿದ್ದು ಒಂದೇ ಮಾತು: "ಮೂರು ದಿನ ಬೋಗಿ ಒಳಗಡೆನೇ ಕಳೆದ್ವು ಸಾರ್." ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಮೂರು ದಿನದ ಪ್ರವಾಸದಲ್ಲಿ ಹನ್ನೆರಡು ಗಂಟೆ ಅಂದರೆ ಒಂದು ಹಗಲು. ಮೂರು ಸಾವಿರಕ್ಕೆ ಒಂದು ಹಗಲನ್ನು ಮಾರಿದ ಹಾಗಾಯಿತು.

ಈಗ ನಾನು ಎರಡೇ ಕಡೆ ಹೇಳುತ್ತೇನೆ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ, ನಡೆದೇ ಓಡಾಡಬೇಕು ಅನ್ನುವವರಿಗೆ ಫೋರ್ಟ್, ಕೊಲಾಬಾ. ಅಲ್ಲಿ ರೂಮು ಚಿಕ್ಕದು, ಬಾಡಿಗೆ ದೊಡ್ಡದು. ಉಳಿದವರಿಗೆ ದಾದರ್, ಮಾಟುಂಗಾ. ಊರಿನ ಎರಡು ಮುಖ್ಯ ಲೋಕಲ್ ದಾರಿ, ವೆಸ್ಟರ್ನ್ ಮತ್ತು ಸೆಂಟ್ರಲ್, ಕೂಡುವುದು ದಾದರಿನಲ್ಲೇ. ಮಾಟುಂಗಾ ಅಂತೂ ನಮ್ಮವರ ಜಾಗ. ಬೆಳಗ್ಗೆ ಇಡ್ಲಿ, ಫಿಲ್ಟರ್ ಕಾಫಿ ಹುಡುಕಬೇಕಾಗಿಲ್ಲ. ಉಡುಪಿ ಹೋಟೆಲ್ಲಿನಲ್ಲಿ ಗಲ್ಲಾ ಪೆಟ್ಟಿಗೆಯ ಹತ್ತಿರ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುವುದುಂಟು. ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. ಮಾಟುಂಗಾ ರೋಡ್ ಸ್ಟೇಷನ್ ಕಡೆ ಕರ್ನಾಟಕ ಸಂಘ ಇದೆ, ಅದರ ಕಟ್ಟಡಕ್ಕೆ ನಮ್ಮ ವಿಶ್ವೇಶ್ವರಯ್ಯನವರದೇ ಹೆಸರು. ಹಿಂದಿ, ಮರಾಠಿ ಬಾರದ ಹಿರಿಯರಿಗೆ ಇದೆಲ್ಲ ಎಷ್ಟು ಧೈರ್ಯ ಕೊಡುತ್ತದೆ ಅನ್ನುವುದು ಕಳಿಸಿದವನಿಗೇ ಗೊತ್ತು. ಒಂದು ಎಚ್ಚರಿಕೆ ಮಾತ್ರ. ಮುಂಬೈಯ ಬೀದಿಯಲ್ಲಿ ಸಿಗುವ ಮೈಸೂರು ಮಸಾಲೆ ದೋಸೆಯಲ್ಲಿ ಮೈಸೂರನ್ನು ಹುಡುಕಬೇಡಿ. ತರಕಾರಿ, ಬೆಣ್ಣೆ, ಪಾವ್‌ಭಾಜಿ ಮಸಾಲೆ ಎಲ್ಲ ಹಾಕಿ ಕಾವಲಿ ಮೇಲೇ ಕಲಸಿಬಿಡುತ್ತಾರೆ. ಚೆನ್ನಾಗೇ ಇರುತ್ತದೆ, ಬೇರೆ ತಿಂಡಿ ಅಂದುಕೊಂಡು ತಿನ್ನಬೇಕು.

ತಾರೀಖು ಗೊತ್ತು ಮಾಡುವಾಗ ಡಿಸೆಂಬರ್ 6 ನೆನಪಿರಲಿ. ಅಂಬೇಡ್ಕರ್ ಪರಿನಿರ್ವಾಣದ ದಿನ ದಾದರಿನ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ನಮ್ಮ ಕಡೆಯಿಂದಲೂ ಹೋಗುತ್ತಾರೆ. ಅದಕ್ಕೆಂದೇ ಹೋಗುವವರು ತಿಂಗಳುಗಳ ಮೊದಲೇ ಸಿದ್ಧ ಮಾಡಿಕೊಳ್ಳಬೇಕು. ಊರು ನೋಡಲು ಹೋಗುವವರು ಆ ಎರಡು ಮೂರು ದಿನ ದಾದರ್ ಬಿಟ್ಟು ಬೇರೆ ವಾರ ನೋಡಿಕೊಳ್ಳಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ. ಅಲ್ಲಿಯ ಮಳೆ ನಮ್ಮ ಸೋನೆ ಅಲ್ಲ, ಒಂದೇ ಹೊಡೆತಕ್ಕೆ ಲೋಕಲ್ ನಿಂತುಬಿಡುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು.

ಟಿಕೆಟ್ ವಿಷಯ ಬೇಗ ಮುಗಿಸುತ್ತೇನೆ. ರೈಲಿನ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, 120 ಅಲ್ಲ. ಮೈಸೂರಿನಿಂದ ದಾದರಿಗೆ ವಾರಕ್ಕೊಂದು ಶರಾವತಿ ಎಕ್ಸ್‌ಪ್ರೆಸ್ ಇದೆ. ಬೆಂಗಳೂರಿನಿಂದ ದಿನಾ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಹೆಚ್ಚುಕಮ್ಮಿ ಒಂದು ಹಗಲು ಒಂದು ರಾತ್ರಿ. ಯಾವ ರೈಲು ಹತ್ತಿದರೂ ಅದು ಮುಂಬೈಯ ಯಾವ ನಿಲ್ದಾಣಕ್ಕೆ ಹೋಗುತ್ತದೆ ನೋಡಿ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೆಯ ವಿ.ಟಿ.), ದಾದರ್, ಕುರ್ಲಾದ ಲೋಕಮಾನ್ಯ ತಿಲಕ್, ಬಾಂದ್ರಾ, ಎಲ್ಲವೂ ಮುಂಬೈಯೇ, ಒಂದಕ್ಕೊಂದು ದೂರ. ವಿಮಾನದಲ್ಲೂ ಈಗ ಅದೇ ಕತೆ. 2025ರ ಡಿಸೆಂಬರಿನಿಂದ ನವಿ ಮುಂಬೈಯ ಹೊಸ ನಿಲ್ದಾಣದಿಂದಲೂ ವಿಮಾನ ಹಾರುತ್ತಿವೆ. ಟಿಕೆಟ್ ಮೇಲೆ ಬಿಒಎಂ ಅಂತಿದ್ದರೆ ಹಳೆಯದು, ಎನ್‌ಎಂಐ ಅಂತಿದ್ದರೆ ಹೊಸದು. ಇನ್ನೂರು ರೂಪಾಯಿ ಅಗ್ಗ ಅಂತ ಎನ್‌ಎಂಐ ತೆಗೆದು ದಾದರಿಗೆ ಟ್ಯಾಕ್ಸಿಗೆ ಸುರಿಯಬೇಡಿ.

ಮತ್ತೆ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಪಟ್ಟಿ ಮಡಚಿಟ್ಟ ಮೇಲೆ ನಾನು ಎಲ್ಲರಿಗೂ ಕೇಳುವ ಒಂದು ಪ್ರಶ್ನೆ ಇದೆ. ಒಬ್ಬೊಬ್ಬರೂ ಒಂದೊಂದೇ ಹೇಳಿ, ಯಾವುದು ನೋಡದೆ ಬಂದರೆ ಹೊಟ್ಟೆ ಉರಿಯುತ್ತೆ? ಅಮ್ಮ ತಕ್ಷಣ ಹೇಳಿದರು, ಸಿದ್ಧಿವಿನಾಯಕ. ಮೇಷ್ಟ್ರು ಸುಮ್ಮನೆ ಕೂತರು. ಹಾಳೆ ತೆಗೆದುಕೊಂಡು ಮತ್ತೆ ನೋಡಿದರು. ಆಮೇಲೆ ಸ್ವಲ್ಪ ನಾಚಿಕೆಯಿಂದಲೇ ಹೇಳಿದರು:

"ಅಲ್ಲಪ್ಪ, ಮೊದಲ ರೈಲು ಬೊಂಬಾಯಿಯಿಂದ ಠಾಣೆಗೆ ಹೋಯ್ತು ಅಂತ ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದಿದ್ದೀನಿ. 1853. ಆ ದಾರಿ ಈಗಲೂ ಇದೆಯಾ?"

ಇದೆ ಮೇಷ್ಟ್ರೇ, ಹತ್ತಿಪ್ಪತ್ತು ರೂಪಾಯಿ ಒಳಗೆ ಟಿಕೆಟ್ ಸಿಗುತ್ತೆ ಅಂದೆ. ಮುಖ ಅರಳಿತು. ಮಗಳ ಪಟ್ಟಿಯ ಹದಿನೇಳರಲ್ಲಿ ಇದು ಇರಲೇ ಇಲ್ಲ. ಎಷ್ಟೋ ಸಲ ಹೀಗೇ ಆಗುತ್ತದೆ. ಪಟ್ಟಿ ಯಾರದೋ, ಹೋಗುವವರು ಯಾರೋ.

ಈ ಎರಡನ್ನು ಗೂಟ ಹೊಡೆದ ಹಾಗೆ ಹೊಡೆದು, ಉಳಿದದ್ದನ್ನು ಅದರ ಸುತ್ತ ಕಟ್ಟಿದೆವು. ಹತ್ತಿರ ಇದ್ದದ್ದು ಉಳಿಯಿತು, ದೂರ ಇದ್ದದ್ದು ಹೋಯಿತು. ಜುಹು, ಫಿಲ್ಮ್ ಸಿಟಿ, ನಟನ ಮನೆ ಎಲ್ಲ ಉತ್ತರದ ಕಡೆ, ಮೂರೂ ಹೋದವು. ನಟನ ಮನೆ ಅಂದರೆ ಕಾಣುವುದು ಗೇಟು, ಅದಕ್ಕೆ ಅರ್ಧ ದಿನ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಮೊದಲ ದಿನ ಠಾಣೆ. ಬೆಳಗ್ಗೆ ಏಳಕ್ಕೆ ಮುಂಚೆ ದಾದರಿನಿಂದ ಸಿಎಸ್‌ಎಂಟಿಗೆ, ಜನ ತುಂಬುವ ಮೊದಲೇ. ಹೊರಗೆ ಬಂದು ರಸ್ತೆಯ ಆಚೆ ಬದಿಗೆ ನಿಂತು ಕಟ್ಟಡ ನೋಡಬೇಕು. ವಾಸ್ತುಶಿಲ್ಪಿ ಎಫ್. ಡಬ್ಲ್ಯೂ. ಸ್ಟೀವನ್ಸ್. ನಮ್ಮ ಮೈಸೂರು ಅರಮನೆಯ ಮುಂದೆ ನಿಂತವರ ಹಾಗೆ ಅಲ್ಲಿ ಜನ ಕತ್ತೆತ್ತಿ ನಿಂತಿರುತ್ತಾರೆ. ಅದು ಯುನೆಸ್ಕೊ ಪಟ್ಟಿಗೆ ಸೇರಿದ್ದು 2004ರಲ್ಲಿ, ಆದರೂ ಒಳಗೆ ಲಕ್ಷಾಂತರ ಜನ ಚಪ್ಪಲಿ ಸವೆಸುತ್ತಾ ಓಡುತ್ತಲೇ ಇರುತ್ತಾರೆ. ಮೊದಲ ರೈಲು ಹೊರಟ ಬೋರಿ ಬಂದರ್ ನಿಲ್ದಾಣ ಇದ್ದದ್ದು ಅಲ್ಲೇ ಹತ್ತಿರ. 1853ರ ಏಪ್ರಿಲ್ 16. ಹದಿನಾಲ್ಕು ಬೋಗಿ, ಸುಮಾರು ನಾನೂರು ಜನ, ಎಳೆಯಲು ಸಾಹಿಬ್, ಸಿಂಧ್, ಸುಲ್ತಾನ್ ಅಂತ ಮೂರು ಎಂಜಿನ್. ಈ ಮೂರು ಹೆಸರು ನಾನು ಹೇಳಲಿಲ್ಲ, ಮೇಷ್ಟ್ರೇ ನನಗೆ ಹೇಳಿಕೊಟ್ಟರು.

ಒಂಬತ್ತರ ಹೊತ್ತಿಗೆ ಠಾಣೆಯ ಲೋಕಲ್ ಹತ್ತಬೇಕು. ಎದುರಿಗೆ ಬರುವ ರೈಲುಗಳಲ್ಲಿ ಜನ ಬಾಗಿಲಿಗೆ ಜೋತುಬಿದ್ದಿರುತ್ತಾರೆ. ನೀವು ಹೋಗುವ ರೈಲು ಉತ್ತರದ ಕಡೆ, ಹರಿವಿನ ಎದುರು. ಕೂರಲು ಜಾಗ ಸಿಗುತ್ತದೆ, ಕಿಟಕಿ ಪಕ್ಕವೇ ಸಿಗಬಹುದು. 34 ಕಿಲೋಮೀಟರ್, ಎಲ್ಲ ಕಡೆ ನಿಂತು ಹೋಗುವ ರೈಲಿನಲ್ಲೂ ಒಂದು ಗಂಟೆಯ ಆಸುಪಾಸು. ಠಾಣೆಯಲ್ಲಿ ಸ್ಟೇಷನ್ನಿಗೆ ಹತ್ತಿರವೇ ಮಾಸುಂದಾ ಕೆರೆ ಇದೆ, ದಡದಲ್ಲಿ ಕೋಪಿನೇಶ್ವರ ಗುಡಿ. ಮಿಸಳ್ ಪಾವ್ ತಿಂದು, ಕೆರೆ ಹತ್ತಿರ ಕೂತು, ಹನ್ನೊಂದೂವರೆ ಆದ ಮೇಲೆ ವಾಪಸ್.

ಲೋಕಲ್ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು, ಯಾಕಂದ್ರೆ ಹೆದರುವುದೂ ಅದಕ್ಕೆ, ಎಡವುವುದೂ ಅದರಲ್ಲೇ. ಬೋರ್ಡಿನಲ್ಲಿ ಸ್ಲೋ, ಫಾಸ್ಟ್ ಅಂತ ಇರುತ್ತದೆ. ಸ್ಲೋ ಎಲ್ಲ ಕಡೆ ನಿಲ್ಲುತ್ತದೆ, ಫಾಸ್ಟ್ ನಿಲ್ಲುವುದಿಲ್ಲ. ನಾನು ಮೊದಲ ಸಲ ಹೋದಾಗ ದಾದರಿನಲ್ಲಿ ಬಂದ ರೈಲು ಹತ್ತಿ, ಪಕ್ಕದ ಸ್ಟೇಷನ್ ಮಾಟುಂಗಾ ತಾನೇ ಅಂತ ಬಾಗಿಲಲ್ಲಿ ನಿಂತಿದ್ದೆ. ಮಾಟುಂಗಾ ಕಣ್ಣ ಮುಂದೆಯೇ ಓಡಿಹೋಯಿತು. ಇಳಿದದ್ದು ಕುರ್ಲಾದಲ್ಲಿ. ಇಳಿಯುವ ಹಿಂದಿನ ಸ್ಟೇಷನ್ನಿಗೇ ಬಾಗಿಲ ಹತ್ತಿರ ಬಂದು ನಿಲ್ಲಬೇಕು, ಪ್ಲಾಟ್‌ಫಾರಂ ಯಾವ ಕಡೆ ಬರುತ್ತೆ ಅಂತ ಪಕ್ಕದವರನ್ನು ಕೇಳಬೇಕು. ಕೇಳಿದರೆ ಖಂಡಿತ ಹೇಳುತ್ತಾರೆ, ಆದರೆ ಮುಖ ನೋಡುವುದಿಲ್ಲ. ರೈಲು ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ದೊಡ್ಡ ಸೂಟ್‌ಕೇಸ್ ಇದ್ದಾಗ ಲೋಕಲ್ ಬೇಡವೇ ಬೇಡ.

ಗಂಡ ಹೆಂಡತಿ ಇಬ್ಬರೇ ಹೋಗುವಾಗ ನಾನು ಒಂದು ಮಾತನ್ನು ಎರಡು ಸಲ ಹೇಳಿಸುತ್ತೇನೆ. ಒಬ್ಬರು ಹತ್ತಿ ಇನ್ನೊಬ್ಬರು ಉಳಿದುಬಿಟ್ಟರೆ ಓಡಬಾರದು, ಹಾರಬಾರದು. ಹತ್ತಿದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಉಳಿದವರು ಅದೇ ಪ್ಲಾಟ್‌ಫಾರಂನಲ್ಲಿ ಮುಂದಿನ ಅಂಥದ್ದೇ ರೈಲು ಹತ್ತಿ ಬರಬೇಕು. ಫೋನ್ ಸಿಗಲಿ ಸಿಗದಿರಲಿ, ಇದೇ ಒಪ್ಪಂದ. ಅಮ್ಮನಿಗೆ ಹೇಳಿಸಿದೆ. ಮೇಷ್ಟ್ರಿಗೂ ಹೇಳಿಸಿದೆ. "ಮಗ್ಗಿ ಒಪ್ಪಿಸಿದಂಗಾಯ್ತಲ್ಲಪ್ಪ" ಅಂದರು.

ಮಂಡಿ ನೋವಿನವರಿಗೆ ಈಗ ಒಂದು ಒಳ್ಳೆಯ ಬದಲಿ ಬಂದಿದೆ. ನೆಲದೊಳಗಿನ ಮೂರನೇ ಮೆಟ್ರೊ ದಾರಿ 2025ರ ಅಕ್ಟೋಬರಿನಲ್ಲಿ ದಕ್ಷಿಣದ ಕಫ್ ಪರೇಡ್‌ವರೆಗೆ ಪೂರ್ತಿ ಆಯಿತು. ವಿಮಾನ ನಿಲ್ದಾಣ, ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲ ಒಂದೇ ದಾರಿಯಲ್ಲಿವೆ. ಲಿಫ್ಟ್ ಇದೆ, ತಣ್ಣಗಿದೆ. ಲೋಕಲ್ ಒಂದು ಸಲ ಅನುಭವಕ್ಕೆ, ಉಳಿದದ್ದು ಮೆಟ್ರೊ ಅಂತ ಹಿರಿಯರಿಗೆ ಹೇಳುತ್ತೇನೆ. ಆಟೋ ದಕ್ಷಿಣ ಮುಂಬೈ ಒಳಗೆ ಬರುವುದಿಲ್ಲ, ಬಾಂದ್ರಾ, ಸಾಯನ್ ಆಚೆಗೇ ನಿಲ್ಲುತ್ತದೆ. ಈ ಕಡೆ ಟ್ಯಾಕ್ಸಿ. ಎರಡೂ ಮೀಟರ್ ಹಾಕಿಯೇ ಓಡುತ್ತವೆ. ನಮ್ಮ ಕಡೆಯವರಿಗೆ ಮುಂಬೈಯಲ್ಲಿ ಎಲ್ಲಕ್ಕಿಂತ ಆಶ್ಚರ್ಯ ಆಗುವುದು ಇದಕ್ಕೇ ಇರಬೇಕು.

ಎರಡನೇ ದಿನ ಪೂರ್ತಿ ಬೆರಳ ತುದಿಯಲ್ಲಿ. ಬೆಳಗ್ಗೆ ಗೇಟ್‌ವೇಯಿಂದ ಎಲಿಫೆಂಟಾಗೆ ದೋಣಿ, ಒಂದು ಗಂಟೆ. ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಕೈಯಲ್ಲಿ ತಿಂಡಿ ಹಿಡಿದರೆ ಕೋತಿ ಬಿಡುವುದಿಲ್ಲ. ಮೂರು ಮುಖದ ಸದಾಶಿವನ ಮುಂದೆ ಹತ್ತು ನಿಮಿಷ ಕೂರಿ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೇ ಅದು ಕಾಣುವುದು. ಸೋಮವಾರ ಎಲಿಫೆಂಟಾಗೆ ರಜೆ. ನಮ್ಮ ಮೃಗಾಲಯಕ್ಕೆ ಮಂಗಳವಾರ ಇದ್ದ ಹಾಗೆ. ಪ್ಲಾನು ಮಾಡುವಾಗ ನಾನು ಮೊದಲು ಬರೆಯುವುದೇ ಈ ರಜೆಗಳನ್ನು. ಮಂಗಳವಾರ ಸಿದ್ಧಿವಿನಾಯಕದಲ್ಲಿ ಸಾಲು ಭಾರಿ ಉದ್ದ, ಹರಕೆ ಇಲ್ಲದಿದ್ದರೆ ಆ ದಿನ ಬೇಡ. ಭಾನುವಾರ ಲೋಕಲ್ ಹಳಿಯ ರಿಪೇರಿಗೆ ಮೆಗಾ ಬ್ಲಾಕ್ ಅಂತ ಮಾಡುತ್ತಾರೆ, ಕೆಲವು ಗಂಟೆ ರೈಲು ಕಡಿಮೆ. ಆದರೆ ಭಾನುವಾರ ಫೋರ್ಟಿನ ಆಫೀಸು ಬೀದಿಗಳು ಖಾಲಿ, ಹಳೆಯ ಕಟ್ಟಡ ನೋಡಲು ಅದರಷ್ಟು ಒಳ್ಳೆಯ ದಿನ ಇಲ್ಲ.

ಮಧ್ಯಾಹ್ನ ಗೇಟ್‌ವೇಗೆ ವಾಪಸ್ ಬಂದು ಊಟ. ನಡೆದೇ ಹೋಗುವಷ್ಟು ಹತ್ತಿರದಲ್ಲಿ ಶಿವಾಜಿ ಮಹಾರಾಜರ ಹೆಸರಿನ ವಸ್ತು ಸಂಗ್ರಹಾಲಯ ಇದೆ. ಸಂಜೆ ಐದಕ್ಕೆ ಮರೀನ್ ಡ್ರೈವ್. ಇಲ್ಲಿ ಜನ ಒಂದು ತಪ್ಪು ಮಾಡುತ್ತಾರೆ. ಸೂರ್ಯ ಮುಳುಗಿದ ತಕ್ಷಣ ರೂಮಿಗೆ ಹೊರಡುತ್ತಾರೆ. ಅದು ಆರರಿಂದ ಏಳರ ನಡುವೆ, ಇಡೀ ಊರು ಉತ್ತರಕ್ಕೆ ನುಗ್ಗುವ ಹೊತ್ತು. ನನ್ನ ಹಾಳೆಯಲ್ಲಿ ಐದರಿಂದ ಒಂಬತ್ತರವರೆಗೆ ಒಂದೇ ಪದ ಇರುತ್ತದೆ: ಕೂರಿ. ದುಡ್ಡು ಕೊಟ್ಟು ಹೋಗಿ ನಾಲ್ಕು ಗಂಟೆ ಸುಮ್ನೆ ಕೂರೋದಾ ಅಂತ ಕೇಳುತ್ತಾರೆ. ಹೌದು. ಕಟ್ಟೆ ಇದೆ, ಗಾಳಿ ಇದೆ, ದೀಪ ಹತ್ತಿದ ಮೇಲೆ ಆ ಬಾಗಿದ ದಡ ಹಾರದ ಹಾಗೆ ಕಾಣುತ್ತದೆ. ಕಡಲೆಕಾಯಿ ಮಾರುವವನು ಬರುತ್ತಾನೆ. ಒಂಬತ್ತಕ್ಕೆ ಎದ್ದು ಚರ್ಚ್‌ಗೇಟಿಗೆ ನಡೆದರೆ ರೈಲು ಅಲ್ಲಿಂದಲೇ ಹೊರಡುವುದು, ಕೂತೇ ದಾದರಿಗೆ ಬರಬಹುದು.

ಮೂರನೇ ದಿನಕ್ಕೆ ಅಮ್ಮನ ಸಿದ್ಧಿವಿನಾಯಕ, ಆಮೇಲೆ ಟ್ಯಾಕ್ಸಿಯಲ್ಲಿ ಮಹಾಲಕ್ಷ್ಮಿ. ಹಾಜಿ ಅಲಿ ಅಲ್ಲೇ ಪಕ್ಕ, ಆದರೆ ಸಮುದ್ರದ ಉಬ್ಬರದ ಹೊತ್ತಿನಲ್ಲಿ ದರ್ಗಾಕ್ಕೆ ಹೋಗುವ ದಾರಿ ನೀರಿನಡಿ ಹೋಗುತ್ತದೆ. ಅವತ್ತಿನ ಉಬ್ಬರದ ಸಮಯ ನೋಡಿಕೊಂಡು ಹೋಗಬೇಕು. ಮಧ್ಯಾಹ್ನದ ಮೇಲೆ ಏನೂ ಬರೆದಿರಲಿಲ್ಲ. ಕೊನೆಯ ಅರ್ಧ ದಿನ ಖಾಲಿ ಬಿಡುವುದು ನನ್ನ ಅಭ್ಯಾಸ. ಮಳೆ, ಜ್ವರ, ತಪ್ಪಿದ ರೈಲು ಏನಾದರೂ ಒಂದು ಅದನ್ನು ತುಂಬುತ್ತದೆ. ಏನೂ ಆಗದಿದ್ದರೆ ಮಾಟುಂಗಾದಲ್ಲಿ ಹೂವಿನ ಅಂಗಡಿಗಳಿವೆ, ದಾದರಿನಲ್ಲಿ ಸೀರೆ ಅಂಗಡಿಗಳಿವೆ.

ವಾಪಸ್ ಬಂದ ವಾರದಲ್ಲಿ ಅಮ್ಮ ಒಬ್ಬರೇ ಆಫೀಸಿಗೆ ಬಂದರು. ಮೇಷ್ಟ್ರು ಠಾಣೆಯ ಟಿಕೆಟ್ಟನ್ನು ಪುಸ್ತಕದೊಳಗೆ ಇಟ್ಟುಕೊಂಡಿದ್ದಾರಂತೆ, ಮನೆಗೆ ಬಂದವರಿಗೆಲ್ಲ ತೋರಿಸುತ್ತಾರಂತೆ. "ಜುಹು ನೋಡಿದ್ರಾ ಅಂತ ಮಗಳು ಕೇಳಿದ್ಲು. ಇಲ್ಲ ಕಣವ್ವ, ಠಾಣೆ ನೋಡ್ದೋ ಅಂದೆ" ಅಂತ ನಕ್ಕರು. ಆಮೇಲೆ ಚೀಲದಿಂದ ಆಧಾರ್ ಕಾರ್ಡುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಶಿರಡಿಗೆ. ಅದಕ್ಕೆ ಮುಂಬೈ ಸುತ್ತುವುದೇ ಬೇಡ ಅಮ್ಮ, ಮೈಸೂರಿನಿಂದ ವಾರಕ್ಕೊಂದು ನೇರ ರೈಲಿದೆ ಅಂದೆ.

"ಅದನ್ನ ಅವತ್ತೇ ಹೇಳಬಾರದಿತ್ತಾ" ಅಂದರು.